ಮುಖವೇ ಇಲ್ಲದ ಭಾವಚಿತ್ರ: ಡೆಗಾ, ಒಂದು ಕೊಡೆ, ಒಂದು ಹರಾಜು

ನಮಸ್ಕಾರ! ಹೋದ ಸಲದ ವಿಡಿಯೋ ನೋಡಿದ ಒಬ್ಬರು ಕೇಳಿದ್ದರು: "ಸಾರ್, ಮ್ಯೂಸಿಯಂನಲ್ಲಿ ನಿಂತವರ ಬೆನ್ನು ಬರೆದರೆ ಅದನ್ನ ಹರಾಜಿನಲ್ಲಿ ಯಾರು ತಗೋತಾರೆ?" ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿತು.

ಅಂಥ ಬೆನ್ನು ಬರೆದ ಪೇಂಟರ್ ಎಡ್ಗರ್ ಡೆಗಾ. ಪ್ಯಾರಿಸ್‌ನವನು, ಹುಟ್ಟಿದ್ದು 1834, ಹೋಗಿದ್ದು 1917. ಬ್ಯಾಲೆ ಹುಡುಗಿಯರ ಚಿತ್ರಗಳಿಂದ ಹೆಸರುವಾಸಿ. ಇಷ್ಟು ಸಾಕು, ಮುಂದೆ ಹೋಗೋಣ.

[ಸ್ಕ್ರೀನ್ ಮೇಲೆ: ಲೂವ್ರ್‌ನ ಎಚ್ಚಿಂಗ್, ನಿಧಾನವಾಗಿ ಝೂಮ್]

1879–80ರ ಹೊತ್ತಿನ ಎಚ್ಚಿಂಗ್ ಇದು, ಅಂದರೆ ತಾಮ್ರದ ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆದು, ಮಸಿ ಹಚ್ಚಿ ಕಾಗದಕ್ಕೆ ಒತ್ತಿದ ಅಚ್ಚು. ಜಾಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ. ಒಬ್ಬಳು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಇನ್ನೊಬ್ಬಳು ಕೂತು, ಕೈಲಿರೋ ಗೈಡ್ ಪುಸ್ತಕದ ಮೇಲಿಂದ ಇಣುಕುತ್ತಿದ್ದಾಳೆ. ನಿಂತವಳು ಅಮೆರಿಕದ ಪೇಂಟರ್ ಮೇರಿ ಕ್ಯಾಸಟ್, ಕೂತವಳು ಅವಳ ಅಕ್ಕ ಲಿಡಿಯಾ ಅಂತಾರೆ.

ಈಗ ಆ ಕೊಡೆ ನೋಡಿ. ದಯವಿಟ್ಟು ಕೊಡೆ ನೋಡಿ! ಮಡಿಚಿದ ಕೊಡೆ ನೆಲಕ್ಕೆ ಊರಿದೆ, ತೋಳು ನೇರ, ಸೊಂಟ ಒಂದು ಕಡೆ ವಾಲಿದೆ, ಮೈಭಾರವೆಲ್ಲ ಆ ಕೋಲಿನ ಮೇಲೆ. ಮುಖ ಕಾಣದಿದ್ದರೂ ಇವಳು ಆತುರದಲ್ಲಿಲ್ಲ, ಎದುರಿಗಿರೋದನ್ನ ಅಳೆದು ನೋಡುತ್ತಿದ್ದಾಳೆ ಅಂತ ಗೊತ್ತಾಗುತ್ತೆ ಅಲ್ವಾ? ಬೆನ್ನು ನೋಡಿದರೆ ಸ್ವಭಾವ, ವಯಸ್ಸು, ಅಂತಸ್ತು ತಿಳಿಯಬೇಕು ಅಂತ ಡೆಗಾನ ಗೆಳೆಯ, ವಿಮರ್ಶಕ ಡ್ಯುರಾಂಟಿ 1876ರಲ್ಲೇ ಬರೆದಿದ್ದ.

ಮಜಾ ಇನ್ನೂ ಇದೆ. ಒಂದು ಎಚ್ಚಿಂಗ್‌ನಲ್ಲಿ ಈ ಇಬ್ಬರೂ ಎಟ್ರುಸ್ಕನ್ (ಇಟಲಿಯ ಪುರಾತನ ಜನರ) ಶವಪೆಟ್ಟಿಗೆಯ ಮುಂದಿದ್ದಾರೆ. ಇನ್ನೊಂದರಲ್ಲಿ ಅದೇ ಭಂಗಿಯಲ್ಲಿ ಪೇಂಟಿಂಗ್ ಗ್ಯಾಲರಿಯಲ್ಲಿದ್ದಾರೆ, ಸ್ಟಿಕರ್ ಕಿತ್ತು ಬೇರೆ ಕಡೆ ಅಂಟಿಸಿದ ಹಾಗೆ. ಈ ಎರಡನೆಯದು ಉದ್ದಕ್ಕೆ ಕಿರಿದಾದ ಪಟ್ಟಿ, ಜಪಾನಿ ಮುದ್ರಣಚಿತ್ರಗಳ ಪ್ರಭಾವ. ಅದೊಂದೇ ತಾಮ್ರದ ತಗಡನ್ನ ಡೆಗಾ 20ಕ್ಕೂ ಜಾಸ್ತಿ ಸಲ ತಿದ್ದಿ ತಿದ್ದಿ ಅಚ್ಚು ತೆಗೆದ. ಹುಚ್ಚು ಅಂದರೆ ಇದು.

ಇದೇ ಬಗೆಯ ಒಂದು ಎಣ್ಣೆಚಿತ್ರದ ಬಗ್ಗೆ ಡೆಗಾ ಏನಂದಿದ್ದ ಅಂತ ಪೇಂಟರ್ ಸಿಕರ್ಟ್ ನೆನೆಸಿಕೊಂಡಿದ್ದಾನೆ: ಚಿತ್ರಗಳ ಮುಂದೆ ಹೆಂಗಸರಿಗೆ ಬೇಜಾರು, ಭಯಭಕ್ತಿ ಬಿಟ್ಟರೆ ಏನೂ ಅನಿಸೋದಿಲ್ಲ, ಅದನ್ನೇ ತೋರಿಸಬೇಕಿತ್ತಂತೆ. ಅಲ್ಲಪ್ಪಾ, ನೀನು ಲೂವ್ರ್‌ನಲ್ಲಿ ನಿಲ್ಲಿಸಿಕೊಂಡಿದ್ದೇ ಒಬ್ಬ ಪೇಂಟರ್‌ನ! ನಿನ್ನ ಮಾತಿಗಿಂತ ನೀನು ಬರೆದ ಬೆನ್ನನ್ನೇ ನಾನು ನಂಬುತ್ತೇನೆ.

ಟೈಮ್ ಆಗ್ತಾ ಬಂತು, ಹರಾಜಿಗೆ ಬರೋಣ.

[ಸ್ಕ್ರೀನ್ ಮೇಲೆ: ಕೆಂಪು ಮೊಹರು]

1918ರ ಮಾರ್ಚ್ ಕೊನೆ, ಮೊದಲ ಮಹಾಯುದ್ಧದ ಕಾಲ. ಪ್ಯಾರಿಸ್ ಮೇಲೆ 100 ಕಿಲೋಮೀಟರ್‌ಗೂ ದೂರದಿಂದ ಜರ್ಮನ್ ಫಿರಂಗಿಯ ಗುಂಡು ಬೀಳುತ್ತಿದೆ. ಆಗಲೇ ಜಾರ್ಜ್ ಪೆಟಿ ಗ್ಯಾಲರಿಯಲ್ಲಿ ಡೆಗಾ ಕೂಡಿಟ್ಟಿದ್ದ ಬೇರೆಯವರ ಚಿತ್ರಗಳ ಹರಾಜು. ಅರ್ಥಶಾಸ್ತ್ರಜ್ಞ ಕೇನ್ಸ್ ಬ್ರಿಟನ್ ಸರ್ಕಾರದಿಂದ 20,000 ಪೌಂಡ್ ಒಪ್ಪಿಸಿಕೊಂಡು, ಲಂಡನ್ ನ್ಯಾಷನಲ್ ಗ್ಯಾಲರಿಗಾಗಿ ಕೊಳ್ಳಲು ಬಂದಿದ್ದರು. ಮೇ ತಿಂಗಳಿಂದ ಡೆಗಾನ ಸ್ವಂತ ಕೆಲಸದ ಸರದಿ, 1919ರ ಜುಲೈವರೆಗೂ ಕಂತು ಕಂತಾಗಿ. ಅವನು ಸಹಿ ಹಾಕದೆ ಬಿಟ್ಟ ರಾಶಿ ರಾಶಿ ಚಿತ್ರಗಳಿಗೆ "ಡೆಗಾ" ಅಂತ ಕೆಂಪು ಮೊಹರು ಒತ್ತಿದರು.

ಹಾಗಾಗಿ ಇವತ್ತಿನ ಹರಾಜು ಪಟ್ಟಿಯಲ್ಲಿ ಎಣ್ಣೆಚಿತ್ರವೋ ಪೇಸ್ಟಲ್ಲೋ (ಬಣ್ಣದ ಒಣ ಕಡ್ಡಿಯಲ್ಲಿ ಬರೆದ ಚಿತ್ರ) ಬಂದರೆ ಮೊದಲು ಹುಡುಕೋದು ಸಹಿ ಇದೆಯಾ, ಮೊಹರು ಇದೆಯಾ ಅಂತ. ಆಮೇಲೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಚರಿತ್ರೆ. ಎಚ್ಚಿಂಗ್ ಆದರೆ ಎಷ್ಟನೇ ತಿದ್ದುಪಡಿಯ ಪ್ರತಿ, ಕಾಗದ ಹೇಗಿದೆ, ಇವೆಲ್ಲ. ಮುಖ ಇದೆಯಾ ಇಲ್ಲವಾ ಅನ್ನೋದು ಇವುಗಳ ಮುಂದೆ ಲೆಕ್ಕಕ್ಕೇ ಬರೋದಿಲ್ಲ.

ಅಂದಹಾಗೆ ಕೇನ್ಸ್ ಆ ಹರಾಜಿನಲ್ಲಿ ತನಗೇ ಅಂತ ಪೇಂಟರ್ ಸೆಜಾನ್‌ನ ಸೇಬುಗಳ ಚಿತ್ರ ಕೊಂಡು, ವಾಪಸ್ ಬಂದ ರಾತ್ರಿ ಅದನ್ನ ರಸ್ತೆ ಬದಿಯ ಬೇಲಿಯಲ್ಲೇ ಬಿಟ್ಟು ಮನೆಗೆ ನಡೆದರು. ಅದು ಇನ್ನೊಂದು ವಿಡಿಯೋ.