ಬಡವರ ಸ್ವೆಟರ್‌ಗೆ ಎಂಟು ಪಟ್ಟು ಸುಂಕ

ನಮಸ್ಕಾರ. ಅಮೆರಿಕಕ್ಕೆ ಆಮದಾಗುವ ಎರಡು ಸ್ವೆಟರ್‌ಗಳನ್ನು ತೆಗೆದುಕೊಳ್ಳಿ. ಒಂದು ದುಬಾರಿಯಾದ ಅಪ್ಪಟ ಕ್ಯಾಶ್ಮೀರ್ ಉಣ್ಣೆಯದು, ಕೈಗೆ ಬೆಣ್ಣೆ ಮುಟ್ಟಿದ ಹಾಗಿರುತ್ತದೆ. ಇನ್ನೊಂದು ಸಾದಾ ಕೃತಕ ನೂಲಾದ ಅಕ್ರಿಲಿಕ್‌ನದು, ದುಡಿಯುವ ಜನ ಚಳಿಗಾಲಕ್ಕೆ ಕೊಳ್ಳುವಂಥದ್ದು. ಕ್ಯಾಶ್ಮೀರ್ ಸ್ವೆಟರ್ ಮೇಲೆ ಮೂಲ ಸುಂಕ ಶೇ. 4. ಅಕ್ರಿಲಿಕ್ ಸ್ವೆಟರ್ ಮೇಲೆ ಶೇ. 32. ಕಾಲಕಾಲಕ್ಕೆ ಇದರ ಮೇಲೆ ಹೇರುವ ಹೆಚ್ಚುವರಿ ಸುಂಕಗಳ ಮಾತು ಬೇರೆ, ಅದನ್ನು ಇಲ್ಲಿ ತರುತ್ತಿಲ್ಲ.

ಇದು ಅನ್ಯಾಯ ಅಂತ ನಾನು ನೇರವಾಗಿ ಹೇಳುತ್ತೇನೆ. ಆದರೆ ತಪ್ಪು ಎಲ್ಲಿದೆ ಅಂತ ಮೊದಲು ಸರಿಯಾಗಿ ನೋಡಬೇಕು, ಅಲ್ವಾ?

ಎಚ್‌ಎಸ್ ಕೋಡ್ ಅನ್ನುವ, ದೇಶದೇಶಗಳ ನಡುವೆ ಸಾಗುವ ಸರಕನ್ನು ಅಂಕಿ ಕೊಟ್ಟು ವಿಂಗಡಿಸುವ ಪಟ್ಟಿ 1988ರಿಂದ ಜಾರಿಯಲ್ಲಿದೆ. ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಹೆಣೆದ ಉಡುಪಿಗೆ ಅಧ್ಯಾಯ 61, ನೇಯ್ದ ಬಟ್ಟೆಯಿಂದ ಹೊಲಿದದ್ದಕ್ಕೆ 62. 61ರೊಳಗೆ ಟೀ ಶರ್ಟ್ 6109, ಸ್ವೆಟರ್ 6110, ಗಂಡಸರ ಶರ್ಟ್ 6105. ಭಾರತದ ಕಸ್ಟಮ್ಸ್ ಕೂಡ ಇದೇ ಅಂಕಿಗಳನ್ನು ಬಳಸುತ್ತದೆ.

ಈ ಪಟ್ಟಿಯ ನಿಯಮಗಳು ನನಗೆ ನಿಜವಾಗಿಯೂ ಇಷ್ಟ. ಯಾಕೆಂದರೆ ಅವು ಮುಖ ನೋಡಿ ಮಣೆ ಹಾಕುವುದಿಲ್ಲ, ಅಳೆದು ನೋಡುತ್ತವೆ. ಒಂದು ಹೆಣೆದ ಶರ್ಟ್ 6105ಕ್ಕೆ ಸೇರಬೇಕಾ? ಕನಿಷ್ಠ 10 ಸೆಂಟಿಮೀಟರ್ ಉದ್ದಗಲದ ಜಾಗ ಗುರುತಿಸಿ, ಭೂತಗನ್ನಡಿ ಹಿಡಿದು ಹೆಣಿಗೆಯ ಕುಣಿಕೆಗಳನ್ನು ಎಣಿಸಿ. ಉದ್ದಕ್ಕೂ ಅಡ್ಡಕ್ಕೂ ಸೆಂಟಿಮೀಟರಿಗೆ ಸರಾಸರಿ 10ಕ್ಕಿಂತ ಕಡಿಮೆ ಬಂದರೆ ಅದು ಆ ಸಾಲಿನ ಶರ್ಟ್ ಅಲ್ಲ. ಸೊಂಟದ ಕೆಳಗೆ ಜೇಬಿದ್ದರೂ ಅಲ್ಲ. ಕೆಳ ಅಂಚಿನಲ್ಲಿ ಬಿಗಿ ಹಿಡಿಯುವ ರಿಬ್ ಪಟ್ಟಿ ಇದ್ದರೂ ಅಲ್ಲ. ಅಧಿಕಾರಿ ಯಾರೇ ಇರಲಿ, ಕುಣಿಕೆಯ ಲೆಕ್ಕ ಬದಲಾಗುವುದಿಲ್ಲ.

ಆದರೆ ಒಂದೊಂದು ಸಾಲಿನ ಪಕ್ಕ ಸುಂಕದ ದರ ಬರೆಯುವುದು ಆಯಾ ದೇಶ. ತೊಂದರೆ ಇರುವುದು ಅಲ್ಲಿ. ಅಮೆರಿಕದಲ್ಲಿ ಗಂಡಸರ ಹೆಣೆದ ಹತ್ತಿ ಶರ್ಟ್‌ಗೆ ಶೇ. 19.7. ಅದೇ ಶರ್ಟಿನ ಕೆಳ ಅಂಚಿಗೆ ರಿಬ್ ಪಟ್ಟಿ ಕೂಡಿಸಿದರೆ ಅದು 6110ಕ್ಕೆ ಹೋಗುತ್ತದೆ, ದರ ಶೇ. 16.5ಕ್ಕೆ ಇಳಿಯುತ್ತದೆ. ಮಿಶ್ರ ನೂಲಿನದ್ದು ಇನ್ನೂ ವಿಚಿತ್ರ. ತೂಕದಲ್ಲಿ ಯಾವ ನಾರು ಹೆಚ್ಚಿದೆಯೋ ಅದರ ಲೆಕ್ಕಕ್ಕೆ ಇಡೀ ಉಡುಪು. ಶೇ. 52 ಹತ್ತಿ, 48 ಪಾಲಿಯೆಸ್ಟರ್ ಇರುವ ಸ್ವೆಟ್‌ಶರ್ಟ್‌ಗೆ ಶೇ. 16.5. ಅಂಕಿ ಅದಲುಬದಲಾದರೆ ಶೇ. 32! ಕೈಯಲ್ಲಿ ಹಿಡಿದು ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ, ತಿರುಪ್ಪೂರಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. 'ಸಿವಿಸಿ' ಅಂದ ಕೂಡಲೇ ಹತ್ತಿ ಹೆಚ್ಚಿರುವ ಮಿಶ್ರಣ ಅಂತ ಅವರಿಗೆ ಗೊತ್ತು. ಬಟ್ಟೆ ಹೇಗಿರಬೇಕು ಅನ್ನುವುದನ್ನು ತೊಡುವವರ ಜೊತೆಗೆ ಸುಂಕದ ಪಟ್ಟಿಯೂ ತೀರ್ಮಾನಿಸುತ್ತದೆ. ಹೊಲಿಯುವ ಹೆಣ್ಣುಮಕ್ಕಳ ಶ್ರಮವಂತೂ ಎರಡಕ್ಕೂ ಒಂದೇ.

ಕ್ಯಾಶ್ಮೀರ್‌ಗೆ ಅಷ್ಟು ಕಡಿಮೆ, ಅಕ್ರಿಲಿಕ್‌ಗೆ ಇಷ್ಟು ಜಾಸ್ತಿ ಯಾಕೆ? ಅಲ್ಲಿನ ಕೃತಕ ನೂಲು ಮತ್ತು ಉಡುಪಿನ ಕಾರ್ಖಾನೆಗಳನ್ನು ಕಾಯಬೇಕು ಅನ್ನುವುದು ಹಳೆಯ ಕಾರಣ. ಆದರೆ ಆ ದೇಶದಲ್ಲಿ ಮಾರಾಟವಾಗುವ ಬಟ್ಟೆಯಲ್ಲಿ ಬಹುಪಾಲು ಎಂದೋ ಆಮದಾಗಿಹೋಗಿದೆ. ಕಾಯಲು ಹೊರಟ ಕಾರ್ಖಾನೆಗಳು ಹೆಚ್ಚು ಉಳಿದಿಲ್ಲ, ದರ ಮಾತ್ರ ಉಳಿದಿದೆ. ಕೊನೆಗೆ ಆ ಸುಂಕ ಕಟ್ಟುವವರು ಅಗ್ಗದ ಅಂಗಡಿಯ ಗಿರಾಕಿಗಳು.

ನಮ್ಮ ಮನೆಯ ಕಡೆಯೂ ನೋಡೋಣ. 2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಹೆಣೆದ ಬಟ್ಟೆಯ ಒಂಬತ್ತು ಸಾಲುಗಳ ಸುಂಕ ಬದಲಿಸಿತು. ಇದು ಉಡುಪು ಅಲ್ಲ, ಥಾನಿನಲ್ಲಿ ಬರುವ ಬಟ್ಟೆ, ಅಧ್ಯಾಯ 60. ಶೇ. 20 ಅಥವಾ ಕೆ.ಜಿ.ಗೆ 115 ರೂಪಾಯಿ, ಯಾವುದು ಹೆಚ್ಚೋ ಅದು. ಲೆಕ್ಕ ಹಾಕಿ ನೋಡಿ. ಕೆ.ಜಿ.ಗೆ 600 ರೂಪಾಯಿ ಬಾಳುವ ಬಟ್ಟೆಗೆ ಶೇ. 20 ಮಾತ್ರ. 230 ರೂಪಾಯಿಯ ಬಟ್ಟೆಗೆ ಶೇ. 50 ಆಗುತ್ತದೆ. ಬೆಲೆ ಕಡಿಮೆ ತೋರಿಸಿ ಮಾಲು ತರುವವರನ್ನು ತಡೆಯಲು ಇದು ಬೇಕು ಅಂತ ಇಲ್ಲಿ ಬಟ್ಟೆ ಹೆಣೆಯುವವರು ಹೇಳುತ್ತಾರೆ. ಅವರ ಸಂಕಟ ಸುಳ್ಳಲ್ಲ, ನಾನು ಅದನ್ನು ಒಪ್ಪುತ್ತೇನೆ. ಆದರೆ ನ್ಯಾಯವಾದ ಬೆಲೆಗೇ ಅಗ್ಗದ ಬಟ್ಟೆ ತರಿಸಿ ಟ್ರ್ಯಾಕ್ ಪ್ಯಾಂಟ್ ಹೊಲಿಯುವ ಸಣ್ಣ ಘಟಕವೂ ಅದೇ ಏಟು ತಿನ್ನುತ್ತದೆ. ಬಿಲ್ಲಿನಲ್ಲಿ ಮೋಸ ಇದ್ದರೆ ಬಿಲ್ಲನ್ನು ಹಿಡಿಯಬೇಕು. ಬಂದರಿನಲ್ಲಿ ಪರೀಕ್ಷೆ ಬಿಗಿ ಮಾಡಬೇಕು.

ನನ್ನ ಬೇಡಿಕೆ ಇಷ್ಟೇ. ಸ್ವೆಟರ್ ಅಂದಮೇಲೆ 6110ರಡಿ ಯಾವ ನಾರೇ ಇರಲಿ, ಶೇಕಡಾವಾರು ದರ ಒಂದೇ ಇರಲಿ. ವ್ಯಾಪಾರ ಒಪ್ಪಂದದ ಮಾತುಕತೆಗೆ ಕೂತಾಗ ನಮ್ಮವರು ಒಟ್ಟು ಸರಾಸರಿ ಎಷ್ಟು ಇಳಿಯಿತು ಅಂತ ಮಾತ್ರ ಕೇಳದೆ, ಆ ಶೇ. 32ರ ಸಾಲಿನ ಮೇಲೆ ಬೆರಳಿಟ್ಟು ಕೇಳಬೇಕು.