ಮಂಕಿ ಟೋಪಿಯೊಳಗಿನ ಮೊಲ

ನಮಸ್ಕಾರ. ಇವತ್ತು ನಮ್ಮ ಅಕ್ಕನ ಮಗನ ತಲೆಯ ಮೇಲೆ ಎದ್ದ ಒಂದು ಗಡ್ಡೆಯ ವಿಷಯ ಹೇಳಬೇಕು. ಆಗ ಅವನಿಗೆ ಹತ್ತು ವರ್ಷ. ಶಿರಾ ತಾಲ್ಲೂಕಿನ ಒಂದು ಹಳ್ಳಿ ಅವರದು.

ರಾಗಿ ಕುಯ್ಲು ಮುಗಿದ ಹೊತ್ತು. ನೆತ್ತಿಯ ಪಕ್ಕದಲ್ಲಿ ಮೊದಲು ಸಣ್ಣ ಗುಳ್ಳೆ ಎದ್ದಿತು, ಕಡಿತ ಶುರುವಾಯಿತು. ಅಜ್ಜಿ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದರು. ಆಮೇಲೆ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ಬಂತು. ನಾಲ್ಕು ದಿನ ಕಡಿತ ನಿಂತಿತು. ಐದನೇ ದಿನದಿಂದ ಆ ಜಾಗ ಊದಿಕೊಂಡು, ಮೆತ್ತಗಾಗಿ, ಕೀವು ಸೋರತೊಡಗಿತು. ಒಂದು ಆಸ್ಪತ್ರೆಯಲ್ಲಿ ಕೀವುಗಡ್ಡೆ ಅಂದರು. ಕುಯ್ದರು, ಆಂಟಿಬಯಾಟಿಕ್ ಬರೆದುಕೊಟ್ಟರು. ಮಗು ಕಿರುಚಿದ್ದು ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಕೇಳಿಸಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಷ್ಟೆಲ್ಲ ಆದರೂ ವಾಸಿಯಾಗಲಿಲ್ಲ.

ಮೂರು ವಾರ ಕಳೆದ ಮೇಲೆ ತುಮಕೂರಿಗೆ, ಒಬ್ಬರು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಆಕೆ ಮೊದಲು ಚಿಮಟದಲ್ಲಿ ಊದಿದ ಜಾಗದ ಒಂದು ಕೂದಲು ಹಿಡಿದು ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಹುಡುಗ ಅಳಲೇ ಇಲ್ಲ. ಆಮೇಲೆ ಕೇಳಿದರು: "ಮನೇಲಿ ಪ್ರಾಣಿ ಏನಾದರೂ ಸಾಕಿದ್ದೀರಾ?"

ಅಕ್ಕ ಹೇಳಿದಳು: "ಏನೂ ಇಲ್ಲ ಮೇಡಂ."

ಡಾಕ್ಟರ್ ಹುಡುಗನ ಕಡೆ ತಿರುಗಿದರು. ಅವನು ಅಮ್ಮನ ಮುಖ ನೋಡಿದ. "ನಾನು ಫಾರೆಸ್ಟ್‌ನವಳಲ್ಲ ಕಣೋ, ಹೇಳು" ಅಂದರು. ಆಗ ಬಾಯಿ ಬಿಟ್ಟ. "ಹೊಲದಲ್ಲಿ ಮೊಲದ ಮರಿ ಸಿಕ್ಕಿತ್ತು ಮೇಡಂ. ಮಂಕಿ ಟೋಪಿಯೊಳಗೆ ಇಟ್ಕೊಂಡಿದ್ದೆ. ಸತ್ತೋಯ್ತು." ರಾತ್ರಿ ಚಳಿಗೆ ಅದೇ ಟೋಪಿ ಹಾಕಿಕೊಂಡು ಮಲಗುತ್ತಿದ್ದನಂತೆ.

ಆಕೆ ಆ ಕೂದಲನ್ನು ಗಾಜಿನ ಮೇಲಿಟ್ಟು, ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರು. ಇದಕ್ಕೆ ಕೆಒಎಚ್ ಪರೀಕ್ಷೆ ಅನ್ನುತ್ತಾರೆ. ಆ ದ್ರಾವಣ ಚರ್ಮ, ಕೂದಲನ್ನು ಕರಗಿಸುತ್ತಾ ಬರುತ್ತದೆ, ಫಂಗಸ್ ಮಾತ್ರ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತದೆ. ದೊಡ್ಡ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ. ನಾವಿನ್ನೂ ಅಲ್ಲೇ ಕೂತಿದ್ದಾಗಲೇ ಉತ್ತರ ಬಂತು. ಫಂಗಸ್. ಅಂದರೆ ನಮ್ಮ ಹುಳುಕಡ್ಡಿಯೇ, ಆದರೆ ಪ್ರಾಣಿಯಿಂದ ಬಂದಿರುವ ಜಾತಿ. ತಲೆಯಲ್ಲಿ ಹೀಗೆ ಊದಿ ಕೀವಾದರೆ ಅದನ್ನು ಕೆರಿಯಾನ್ ಅನ್ನುತ್ತಾರೆ. ಕುಯ್ದರೆ ಇದು ವಾಸಿಯಾಗಲ್ಲ. ವಾರಗಟ್ಟಲೆ ಗ್ರಿಸಿಯೋಫಲ್ವಿನ್ ಥರದ ಮಾತ್ರೆ ನುಂಗಬೇಕು. ತಡವಾದರೆ ಆ ಜಾಗದಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.

ಮನುಷ್ಯರಲ್ಲೇ ಓಡಾಡುವ ಫಂಗಸ್ ನಮ್ಮ ಮೈಗೆ ಒಗ್ಗಿ ಹೋಗಿರುತ್ತದೆ, ಸದ್ದಿಲ್ಲದೆ ಹಬ್ಬುತ್ತದೆ. ಪ್ರಾಣಿಯದು ಹಾಗಲ್ಲ. ಮೈ ಅದರ ವಿರುದ್ಧ ಜೋರಾಗಿ ತಿರುಗಿ ಬೀಳುತ್ತದೆ. ಊತ, ಕೀವು, ನೋವು ಎಲ್ಲ ಅದರಿಂದಲೇ. ನೋಡಿದವರಿಗೆ ಅದು ಹುಳುಕಡ್ಡಿ ಅಂತ ಅನಿಸುವುದೇ ಇಲ್ಲ. ಅದಕ್ಕೇ ನಾನು ಮೊದಲು ನೋಡಿದ ಡಾಕ್ಟರನ್ನು ಬೈಯುತ್ತಿಲ್ಲ. ಬರೀ ಗಡ್ಡೆ ನೋಡಿದರೆ ಅದು ಕೀವುಗಡ್ಡೆಯ ಹಾಗೇ ಇತ್ತು. ಆದರೆ ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನನ್ನ ತಕರಾರು ಇರುವುದು ಇದರ ಬಗ್ಗೆ.

ಕಾಡುಪ್ರಾಣಿ ಅಂದ ತಕ್ಷಣ ನಮಗೆ ಮಲೆನಾಡು ನೆನಪಾಗುತ್ತದೆ. ನಮ್ಮದು ಬಯಲುಸೀಮೆ, ಇಲ್ಲೇನಿದೆ ಅಂತ. ಇದೇ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಮೊಲ, ಮುಂಗುಸಿ, ಹೆಗ್ಗಣ, ಬಾವಲಿ ಇಲ್ಲದ ಊರು ಯಾವುದಿದೆ? ನಾವು ಬದುಕುತ್ತಿರುವುದೇ ಅವುಗಳ ಜೊತೆ. ದಯವಿಟ್ಟು ಇದನ್ನು ಕೇಳಿ ಯಾರೂ ಪ್ರಾಣಿಗಳ ಮೇಲೆ ಮುನಿಸಿಕೊಳ್ಳಬೇಡಿ. ಆ ಮರಿಯನ್ನು ಹಿಡಿದು ಟೋಪಿಗೆ ಹಾಕಿದ್ದು ನಮ್ಮ ಹುಡುಗ, ಮರಿ ತಾನಾಗಿ ಬರಲಿಲ್ಲ.

ಬೇರೆ ಕಡೆಯೂ ಹೀಗೇ ಇದೆ. ಉರುಗ್ವೆಯಲ್ಲಿ ಆರ್ಮಡಿಲೊ ಅನ್ನುವ ಚಿಪ್ಪಿನ ಪ್ರಾಣಿಯನ್ನು ಬೇಟೆಯಾಡುವವರ ಕೈಗೆ ಸ್ಪೊರೊಟ್ರೈಕೋಸಿಸ್ ಅನ್ನುವ ಫಂಗಸ್ ರೋಗ ಬರುತ್ತದೆ. ಗಂಟುಗಳು ತೋಳಿನ ಮೇಲೆ ಸಾಲಾಗಿ ಏಳುತ್ತವೆ. ಬೇಟೆಯ ಮಾತು ಬಾಯಿಗೆ ಬರದಿದ್ದರೆ ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ.

ಅಷ್ಟು ದೂರ ಯಾಕೆ? 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನ ಸುತ್ತ ಜನ ಜ್ವರ ಬಂದು ಸಾಯುತ್ತಿದ್ದರು. ಕಾಡಿನಲ್ಲಿ ಮಂಗಗಳೂ ಸತ್ತು ಬೀಳುತ್ತಿದ್ದವು. ಎರಡನ್ನೂ ಸೇರಿಸಿ ನೋಡಿದ್ದರಿಂದಲೇ ಹೊಸ ವೈರಸ್ ಸಿಕ್ಕಿತು, ಅದನ್ನು ಹರಡುವ ಉಣ್ಣೆ ಹುಳುವೂ ಸಿಕ್ಕಿತು. ಮಂಗನ ಕಾಯಿಲೆ ಅಂತ ನಾವು ಇಟ್ಟ ಹೆಸರಲ್ಲೇ ರೋಗದ ಗುರುತು ಇದೆ, ಅಲ್ವಾ?

ಹಾಗಾದರೆ ಅಕ್ಕ ಯಾಕೆ ಏನೂ ಇಲ್ಲ ಅಂದಳು? ಹೆದರಿಕೆ. ಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಎಲ್ಲಿ ಕೇಸ್ ಆಗುತ್ತದೋ ಅಂತ ಮಗನಿಗೆ ಮೊದಲೇ ಬಾಯಿ ಮುಚ್ಚಿಸಿದ್ದಳು. ಮೊಲ ಹಿಡಿಯುವುದು ಸರಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಬೇಡ ಅಂತ ತಿಳಿಹೇಳಿ. ಆದರೆ ಡಾಕ್ಟರ್ ಮುಂದೆ ಮುಚ್ಚಿಡಬೇಡಿ. ಡಾಕ್ಟರುಗಳಿಗೂ ನನ್ನದೊಂದು ಬೇಡಿಕೆ ಇದೆ. "ಪ್ರಾಣಿ ಸಾಕಿದ್ದೀರಾ" ಅಂತ ಕೇಳಿದರೆ ನಮ್ಮ ಹಳ್ಳಿಯವರು ಇಲ್ಲ ಅಂತಲೇ ಹೇಳುತ್ತಾರೆ. "ಏನೇನು ಮುಟ್ಟಿದ್ದೀರಿ, ಹೋದ ತಿಂಗಳು ಹೊಲದಲ್ಲಿ, ಕೊಟ್ಟಿಗೆಯಲ್ಲಿ ಏನು ಕೆಲಸ ಮಾಡಿದ್ದೀರಿ" ಅಂತ ಕೇಳಿ. ಓಪಿಡಿಯಲ್ಲಿ ಸಾಲು ಬಾಗಿಲು ದಾಟಿರುತ್ತದೆ, ಪುರುಸೊತ್ತು ಇರಲ್ಲ, ನನಗೆ ಗೊತ್ತು. ಚೀಟಿ ಬರೆಯುವವರೇ ಈ ಪ್ರಶ್ನೆ ಕೇಳಿ ಒಂದು ಸಾಲು ಬರೆದಿಡಬಹುದು. ವಯಸ್ಸು, ತೂಕ ಬರೆಯುವ ಹಾಗೆ.

ಇನ್ನು ಆ ಟ್ಯೂಬ್. ಅದರಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಕೇಳಿದ ತಕ್ಷಣ ನಮಗೆ ಸಿಕ್ಕಿತು. ಅದು ಕೆಂಪು, ಕಡಿತ ಎರಡನ್ನೂ ಅಡಗಿಸುತ್ತದೆ. ಒಳಗೆ ಫಂಗಸ್ ಆರಾಮವಾಗಿ ಬೆಳೆಯುತ್ತದೆ. ಹುಳುಕಡ್ಡಿಯ ಆ ದುಂಡನೆಯ ಅಂಚು ಅಳಿಸಿಹೋಗುತ್ತದೆ, ನುರಿತ ಡಾಕ್ಟರಿಗೂ ಗುರುತು ಸಿಗಲ್ಲ. ಹಚ್ಚಿಬಿಟ್ಟಿದ್ದರೆ ಆ ಟ್ಯೂಬನ್ನೇ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.

ಎಲ್ಲ ಹುಳುಕಡ್ಡಿಯೂ ಪ್ರಾಣಿಯಿಂದ ಬರಲ್ಲ. ಜಾಸ್ತಿ ಪಾಲು ಮನುಷ್ಯರಿಂದ ಮನುಷ್ಯರಿಗೇ, ಟವೆಲ್ಲು, ಬಟ್ಟೆ, ಹಾಸಿಗೆಯಿಂದ ಬರುತ್ತದೆ. ಫಂಗಸ್‌ಗೆ ಕೊಡುವ ಟರ್ಬಿನಫಿನ್ ಮಾತ್ರೆಗೆ ಬಗ್ಗದ ಟ್ರೈಕೋಫೈಟಾನ್ ಇಂಡೊಟಿನಿಯೆ ಅನ್ನುವ ಜಾತಿಯೂ ಈಗ ನಮ್ಮ ದೇಶದಲ್ಲಿ ಹಬ್ಬಿದೆ, ಅದು ಮನುಷ್ಯರದ್ದೇ. ಇನ್ನು ಮೈಮೇಲಿನ ಬಿಳಿಚಿದ ಮಚ್ಚೆಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು, ಮೊದಲು ಅದನ್ನು ತೋರಿಸಿ.

ನಮ್ಮ ಹುಡುಗ ಎಂಟು ವಾರ ಮಾತ್ರೆ ನುಂಗಿದ. ಟೋಪಿಯನ್ನು ಸುಟ್ಟೆವು. ಡಾಕ್ಟರ್ ಕೂದಲನ್ನು ಲ್ಯಾಬಿಗೆ ಕಲ್ಚರ್‌ಗೂ, ಅಂದರೆ ಫಂಗಸ್ ಬೆಳೆಸಿ ಯಾವ ಜಾತಿ ಅಂತ ನೋಡುವುದಕ್ಕೂ ಕಳಿಸಿದ್ದರು, ಏನೂ ಬೆಳೆಯಲಿಲ್ಲ ಅಂತ ವರದಿ ಬಂತು. ಎಲ್ಲರೂ ಮೊಲದ್ದೇ ಅಂದುಕೊಂಡು ಸುಮ್ಮನಾದೆವು.

ಒಂದು ತಿಂಗಳಾದ ಮೇಲೆ ಅಕ್ಕನ ಮನೆಯ ಹಸುವಿಗೆ ಹುಷಾರಿಲ್ಲ ಅಂತ ದನದ ಡಾಕ್ಟರನ್ನು ಕರೆಸಿದರು. ಅವರು ಹಸು ನೋಡಿ ಮುಗಿಸಿ ಹೊರಟವರು ಕರುವಿನ ಹತ್ತಿರ ನಿಂತರು. ಅದರ ಕಣ್ಣಿನ ಸುತ್ತ ಬೂದು ಬಣ್ಣದ ದುಂಡು ಹಕ್ಕಳೆ. "ಇದು ಯಾವಾಗಿಂದ ಇದೆ?" ಅಂದರು. ಅದೂ ಹುಳುಕಡ್ಡಿ. ದನಗಳಿಗೆ ಬರುವ ಟ್ರೈಕೋಫೈಟಾನ್ ವೆರುಕೋಸಮ್ ಅನ್ನುವ ಫಂಗಸ್ ಬಹಳ ನಿಧಾನ ಬೆಳೆಯುತ್ತದೆ. ಅದಕ್ಕೆ ಲ್ಯಾಬಿನಲ್ಲಿ 37 ಡಿಗ್ರಿ ಶಾಖ ಬೇಕು, ಬಿ ವಿಟಮಿನ್ ಸೇರಿಸಿದ ಆಹಾರ ಬೇಕು. ದನದ ಮಾತು ಚೀಟಿಯಲ್ಲಿ ಇದ್ದರೆ ಲ್ಯಾಬಿನವರು ಹಾಗೆ ಬೆಳೆಸಿ ನೋಡುತ್ತಾರೆ. ನಮ್ಮ ಚೀಟಿಯಲ್ಲಿ ಇದ್ದದ್ದು ಮೊಲ ಮಾತ್ರ.

ಅಕ್ಕನ ಮನೆಯಲ್ಲಿ ಆಗಲೂ ಎರಡು ಹಸು, ಒಂದು ಕರು ಇದ್ದವು. ಹುಡುಗ ದಿನಾ ಅದರ ಕತ್ತು ತಬ್ಬಿಕೊಂಡೇ ಇರುತ್ತಿದ್ದ. ಪ್ರಾಣಿ ಸಾಕಿದ್ದೀರಾ ಅಂತ ಕೇಳಿದಾಗ ಅವಳಿಗೆ ಅವು ನೆನಪಿಗೇ ಬರಲಿಲ್ಲ, ಮನೆಯವೇ ಆದ್ದರಿಂದ. ಮೊಲದ್ದೋ ಕರುವಿನದ್ದೋ, ನಮಗೆ ಇವತ್ತಿಗೂ ಗೊತ್ತಿಲ್ಲ.