ಚೆನ್ನಾಗಿರೋ ಅಜ್ಜಿ ತಲೆಗೆ ವೈರ್ ಯಾಕೆ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೂ ಕೇಳ್ತಿದೆ ತಾನೆ? ಸರಿ. ಇವತ್ತು ನಾನು ಮಾತಾಡೋದು ಮರೆವಿನ ಕಾಯಿಲೆ ಬಂದೋರ ಬಗ್ಗೆ ಅಲ್ಲ, ಬರದೇ ಇರೋರ ಬಗ್ಗೆ, ಅಂದ್ರೆ ಎಪ್ಪತ್ತಾದ್ರೂ ಸಂತೆ ಲೆಕ್ಕ ಬಾಯಲ್ಲೇ ಹಾಕೋರು, ಮೊಮ್ಮಕ್ಕಳ ಜನ್ಮನಕ್ಷತ್ರ ಕೂಡ ಪಟ್ ಅಂತ ಹೇಳೋರು. ಮೆದುಳಿನ ರಿಸರ್ಚ್‌ಗೆ ಇಂಥೋರು ತುಂಬಾ ಮುಖ್ಯ. ವಯಸ್ಸಿಂದ ಆಗೋ ಬದಲಾವಣೆ ಯಾವ್ದು, ರೋಗದಿಂದ ಆಗೋದ್ಯಾವ್ದು ಅಂತ ಬೇರೆ ಮಾಡ್ಬೇಕಂದ್ರೆ ರೋಗ ಇಲ್ದಿರೋ ವಯಸ್ಸಾದ ಮೆದುಳು ಹೆಂಗಿರುತ್ತೆ ಅಂತ ಮೊದ್ಲು ಗೊತ್ತಿರ್ಬೇಕಲ್ವಾ? ನಾವು ಮಾತ್ರ ಅರವತ್ತಕ್ಕೆ ಅರಳು ಮರಳು ಅಂತ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದೀವಿ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಸುಪ್ರತಿಮ್ ರೇ ಅಂತ ಪ್ರೊಫೆಸರ್ ಇದಾರೆ. ಅವರ ಲ್ಯಾಬಿನವರು 50ರಿಂದ 88 ವಯಸ್ಸಿನ 236 ಜನಕ್ಕೆ ಇಇಜಿ ಮಾಡಿ, ಸಿಕ್ಕಿದ್ದನ್ನ 2020ರಲ್ಲಿ ಪ್ರಕಟ ಮಾಡಿದ್ರು. ಇಇಜಿ ಅಂದ್ರೆ ಶಾಕ್ ಕೊಡೋದು ಅಂತ ಸುಮಾರು ಜನ ಹೆದರ್ತಾರೆ, ಏನೂ ಇಲ್ಲ, ತಲೆಗೆ ವೈರ್ ಇರೋ ಟೋಪಿ ಥರದ್ದು ಹಾಕಿ ಮಧ್ಯೆ ಮಧ್ಯೆ ಜೆಲ್ ಬಿಟ್ಟು ಒಳಗಿಂದ ಬರೋ ಸಣ್ಣ ಕರೆಂಟನ್ನ ಹೊರಗಿಂದ ಅಳೆಯೋದು ಅಷ್ಟೇ, ಆಮೇಲೆ ತಲೆ ತೊಳ್ಕೊಳ್ಳೋದೇ ದೊಡ್ಡ ಕಷ್ಟ. ಸ್ಕ್ರೀನ್ ತುಂಬಾ ಪಟ್ಟೆ ಪಟ್ಟೆ ಚಿತ್ರ ತೋರಿಸಿದಾಗ ಮೆದುಳಲ್ಲಿ ಗ್ಯಾಮಾ ಅನ್ನೋ ಅಲೆ ಏಳುತ್ತೆ, ಅದ್ರಲ್ಲೂ ಎರಡು, ನಿಧಾನದ್ದು ಸೆಕೆಂಡಿಗೆ 20ರಿಂದ 34 ಸಲ, ವೇಗದ್ದು 36ರಿಂದ 66 ಸಲ. ವಯಸ್ಸಾಗ್ತಾ ಇದರ ಜೋರು ಕಮ್ಮಿ ಆಗುತ್ತೆ, ವೇಗದ್ದು ಇನ್ನೂ ಜಾಸ್ತಿ ಕಮ್ಮಿ ಆಗುತ್ತೆ. ಆಲ್ಫಾ ಅಂತ ಇನ್ನೊಂದು ಅಲೆ ಇದೆ, ಅದು ಹಂಗಾಗ್ಲಿಲ್ಲ.

2021ರಲ್ಲಿ ಅದೇ ಲ್ಯಾಬಿನವರು ಇನ್ನೊಂದು ಹೆಜ್ಜೆ ಇಟ್ರು. ಮರೆವು ಶುರುವಿನ ಹಂತದಲ್ಲಿ ಇದ್ದೋರನ್ನ ಅದೇ ವಯಸ್ಸಿನ, ಚೆನ್ನಾಗಿರೋರ ಪಕ್ಕ ಇಟ್ಟು ನೋಡಿದ್ರೆ ಅವರ ಗ್ಯಾಮಾ ಇನ್ನೂ ವೀಕು. ಕೇಸು ಕಮ್ಮಿ, ಹಾಗಾಗಿ ನಾಳೆನೇ ಆಸ್ಪತ್ರೇಲಿ ಟೆಸ್ಟ್ ಬರುತ್ತೆ ಅಂತ ಅನ್ಕೋಬೇಡಿ, ಆದ್ರೆ ಹೋಲಿಸಕ್ಕೆ ಚೆನ್ನಾಗಿರೋರ ರೆಕಾರ್ಡ್ ಇಲ್ದೇ ಇದ್ರೆ ಇದನ್ನ ಹೇಳಕ್ಕೇ ಆಗ್ತಿರ್ಲಿಲ್ಲ.

ಇನ್ನು ನಮ್ಮ ಕೋಲಾರ ಜಿಲ್ಲೆ ಶ್ರೀನಿವಾಸಪುರ. ಮಾವಿನಹಣ್ಣಿಗೆ ಫೇಮಸ್ಸು ಅಂತ ಗೊತ್ತು, ಮೆದುಳಿಗೂ ಫೇಮಸ್ ಆಗ್ತಿದೆ! ಐಐಎಸ್‌ಸಿ ಕ್ಯಾಂಪಸ್ಸಲ್ಲೇ ಇರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನ ವರ್ಷಗಟ್ಟಲೆ ಫಾಲೋ ಮಾಡೋ ಗುರಿ ಇಟ್ಕೊಂಡಿದಾರೆ. ನನ್ ಪ್ರಕಾರ ಇದು ಬಹಳ ದೊಡ್ಡ ವಿಷ್ಯ. ಯಾಕಂದ್ರೆ ನೆನಪಿನ ಟೆಸ್ಟ್‌ಗಳು ಬಹಳಷ್ಟು ಓದು ಬರಹ ಬಂದೋರಿಗೆ, ಅದೂ ಬೇರೆ ದೇಶದೋರಿಗೆ ಅಂತ ಮಾಡಿದ್ದು, ಪೆನ್ಸಿಲ್ಲೇ ಹಿಡೀದೇ ಇರೋ ಅಜ್ಜಿಗೆ ಗಡಿಯಾರ ಬರಿ ಅಂದ್ರೆ ಅವ್ರು ಫೇಲೇ, ಆದ್ರೆ ಅದೇ ಅಜ್ಜಿ ಹತ್ತು ಹಸುವಿನ ಹಾಲಿನ ಲೆಕ್ಕ ತಪ್ಪಲ್ಲ.

ಅಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತೆ, ಅದಕ್ಕೂ ಒಂದು ಮಾತಿದೆ. ಈಗ ನಿಮ್ಹಾನ್ಸಲ್ಲಿರೋ ಡಾ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಲ್ಲಿದ್ದಾಗ 648 ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ಪೇಷಂಟ್‌ಗಳನ್ನ ನೋಡಿ 2013ರಲ್ಲಿ ಬರೆದ್ರು: ಎರಡು ಭಾಷೆ ಆಡೋರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರು ಆಗಿತ್ತು, ಶಾಲೆ ಮೆಟ್ಟಿಲು ಹತ್ತದೇ ಇರೋರಲ್ಲೂ. ಬೇರೆ ಕಡೆ ಎಲ್ಲರಿಗೂ ಇದೇ ಉತ್ತರ ಸಿಕ್ಕಿಲ್ಲ, ವಾದ ನಡೀತಾನೇ ಇದೆ.

ಇನ್ನೊಂದು, ಮರೆವು ತಡೆಯಕ್ಕೆ 40 ಹರ್ಟ್ಸ್, ಅಂದ್ರೆ ಗ್ಯಾಮಾ ಥರ ಸೆಕೆಂಡಿಗೆ 40 ಸಲ ಮಿಣುಕೋ ಲೈಟ್ ತಗೋಬೇಕಾ ಅಂತ ವಾಟ್ಸಾಪಲ್ಲಿ ಕೇಳ್ತಿರ್ತಾರೆ. ಅಮೆರಿಕದ ಎಂಐಟಿಯಲ್ಲಿ 2016ರಲ್ಲಿ ಅದರಿಂದ ಅಮಿಲಾಯ್ಡ್, ಅಂದ್ರೆ ಆಲ್ಝೈಮರ್ಸ್ ಮರೆವಿನ ಕಾಯಿಲೇಲಿ ಮೆದುಳಲ್ಲಿ ಕಟ್ಟಿಕೊಳ್ಳೋ ಪ್ರೋಟೀನು, ಕಮ್ಮಿ ಆಯ್ತು ಅಂದಿದ್ದು ಇಲಿಗಳಲ್ಲಿ ಕಣ್ರೀ. ಆ ದುಡ್ಡಲ್ಲಿ ಕಿವಿ ಟೆಸ್ಟ್ ಮಾಡಿಸಿ. ಡಿಮೆನ್ಷಿಯಾಗೆ ನಮ್ಮ ಕೈಲಿರೋ ಕಾರಣಗಳು ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಕಮಿಷನ್ 2024ರಲ್ಲಿ 14 ಹೇಳಿದೆ, ಅದ್ರಲ್ಲಿ ಕಿವುಡು, ಬಿಪಿ, ಶುಗರ್ ಎಲ್ಲಾ ಇದೆ.

ಈಗ ಪ್ರಶ್ನೆ ಕೇಳಿ. ಮಾತ್ರೆ ಹೆಸರು ಮಾತ್ರ ಕೇಳ್ಬೇಡಿ, ನಾನು ಆ ಥರ ಡಾಕ್ಟ್ರಲ್ಲ.